ಮಳೆಗಾಲ ಬಂತು, ನಡಿಗೆ ನಿಂತಿತು, ಹೊಟ್ಟೆ ಮುಂದೆ ಬಂತು: ಕಾರವಾರ, ಶಿರಸಿ ಕಡೆಯವರು ಏನು ಮಾಡುತ್ತೀರಿ?

ಕೋಡಿಬಾಗದವ
ಎಲ್ಲರಿಗೂ ನಮಸ್ಕಾರ. ಪ್ರಾಯ 44, ಎತ್ತರ 165 ಸೆಂಟಿಮೀಟರ್, ತೂಕ 78 ಕೆಜಿ. ದಿನವಿಡೀ ಕುರ್ಚಿ ಕೆಲಸ. ಮೇ ಮುಗಿಯುವವರೆಗೆ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ನಡೆಯುತ್ತಿದ್ದೆ. ಜೂನ್ ಹಿಡಿದ ಮೇಲೆ ಅದು ಬಂದ್. ಕೊಡೆ ಹಿಡಿದರೆ ಗಾಳಿಗೆ ಮಗುಚುತ್ತದೆ. ರೇನ್‌ಕೋಟ್ ಹಾಕಿದರೆ ಹೊರಗೆ ಮಳೆ, ಒಳಗೆ ಬೆವರು. ಪ್ರತಿ ವರ್ಷ ಚೌತಿ ಹೊತ್ತಿಗೆ ಪ್ಯಾಂಟ್ ಬಿಗಿಯಾಗುತ್ತದೆ.

ಜಿಮ್ ಒಂದಕ್ಕೆ ಸೇರಿಯೂ ನೋಡಿದೆ. ಅಲ್ಲಿಯ ಟ್ರೇನರ್ ಮೊದಲ ದಿನವೇ ಅನ್ನ ಬಿಡಿ, ಮೀನು ಬಿಡಿ, ತೆಂಗಿನಕಾಯಿ ಬಿಡಿ ಎಂದ. ಬದಲಿಗೆ ಪೌಡರ್ ಕುಡಿಯಬೇಕಂತೆ. ಡಬ್ಬಿ ಅವನ ಹತ್ತಿರವೇ ಸಿಗುತ್ತದಂತೆ! ಅನ್ನ, ಮೀನು, ಕಾಯಿ ಮೂರನ್ನೂ ಬಿಟ್ಟ ಮೇಲೆ ಕಾರವಾರದಲ್ಲಿ ಯಾಕೆ ಇರಬೇಕು ಹೇಳಿ?

ನನ್ನ ಪ್ರಶ್ನೆ ಇಷ್ಟೇ. ಮಳೆಗಾಲದಲ್ಲಿ ಮನೆಯೊಳಗೆ ಏನು ವ್ಯಾಯಾಮ ಮಾಡಬಹುದು? ನಮ್ಮ ಊಟವನ್ನೇ ಉಂಡು ತೂಕ ಇಳಿಸಿದವರು ಯಾರಾದರೂ ಇದ್ದೀರಾ? ಓಟ್ಸ್, ಬ್ರೊಕೊಲಿ ಎನ್ನುವ ಉತ್ತರ ಬೇಡ. ಅದು ಗೂಗಲ್‌ನಲ್ಲೇ ಇದೆ.

ಬಂಗಡೆ ಭಕ್ತ
ಮೀನು ಬಿಡಿ ಎಂದವನ ಜಿಮ್ ಕಾರವಾರದಲ್ಲಿ ಇನ್ನೂ ನಡೆಯುತ್ತಿದೆಯಾ? ಅವನ ಧೈರ್ಯ ಮೆಚ್ಚಬೇಕು.

ಕಾಳಿ ದಂಡೆ
ಟ್ರೇನರ್ ಹೇಳಿದ್ದು ಅರ್ಧ ಸರಿ. ಮೀನು ಬಿಡಬೇಡಿ, ಅನ್ನ ಬಿಡಿ. ನಮ್ಮ ಕಡೆ ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಪಕ್ಕದ ಗೋವಾ ನೋಡಿ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ ದೇಶದಲ್ಲೇ ಜಾಸ್ತಿ ಸಕ್ಕರೆ ಕಾಯಿಲೆ ಕಂಡಿದ್ದು ಅಲ್ಲೇ, ಶೇ 26.4. ಮಾಜಾಳಿ ಗಡಿ ದಾಟಿದರೆ ಊಟ ಏನು ಬದಲಾಗುತ್ತದಾ? ಅದೇ ಅನ್ನ, ಅದೇ ಮೀನು ಸಾರು.

ನಾನು ಬೆಂಗಳೂರಿಗೆ ಬಂದ ಮೇಲೆ ರಾತ್ರಿ ಅನ್ನ ಬಿಟ್ಟೆ. ತೂಕ ತಾನಾಗಿಯೇ ಇಳಿಯಿತು.

ಅಘನಾಶಿನಿ ಅಕ್ಕ
ಕಾಳಿ ದಂಡೆಯವರೇ, ಅನ್ನದ ಮೇಲೆ ಯಾಕೆ ಇಷ್ಟು ಸಿಟ್ಟು? ನಮ್ಮ ಅಜ್ಜ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಉಪ್ಪುನೀರು ನುಗ್ಗುವ ಗದ್ದೆ. ಕೊಯ್ಲೂ ನೀರಲ್ಲೇ ನಿಂತು. ಮಧ್ಯಾಹ್ನ ಅವರ ಬಟ್ಟಲಿಗೆ ಬೀಳುತ್ತಿದ್ದ ಅನ್ನ ಈಗ ನಮ್ಮ ಮನೆಯ ಮೂರು ಜನಕ್ಕೆ ಸಾಕು. ಆದರೂ ಅವರಿಗೆ ಹೊಟ್ಟೆ ಅನ್ನುವುದೇ ಇರಲಿಲ್ಲ. ಕೆಲಸ ಹೋಯಿತು, ಬಟ್ಟಲು ಹಾಗೇ ಉಳಿಯಿತು. ಗೋವಾದವರದ್ದೂ ಇದೇ ಕಥೆ ಇರಬೇಕು.

ಕುಚ್ಚಲಕ್ಕಿ ತಿಂದರೆ ತೂಕ ಏರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದೂ ಸುಮ್ನೆ ಮಾತು. 100 ಗ್ರಾಂ ಅಕ್ಕಿಗೆ ಹೆಚ್ಚು ಕಮ್ಮಿ 350 ಕ್ಯಾಲೊರಿ. ಬೆಳ್ತಿಗೆ (ಬಿಳಿ ಅಕ್ಕಿ) ಆದರೂ ಅಷ್ಟೇ, ಕುಚ್ಚಲಕ್ಕಿ ಆದರೂ ಅಷ್ಟೇ. ಕುಚ್ಚಲಕ್ಕಿಯಲ್ಲಿ ಬಿ1 ಜೀವಸತ್ವ ಜಾಸ್ತಿ ಉಳಿಯುತ್ತದೆ, ಅದು ಒಳ್ಳೆಯದೇ. ಹಾಗಂತ ಎರಡು ಸಲ ಬಡಿಸಿಕೊಂಡರೆ ಏನು ಉಪಯೋಗ?

ನಮ್ಮ ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆದು ಹಾಕುವುದು. ಪಾತ್ರೆಯಲ್ಲಿ ಜಾಸ್ತಿ ಅನ್ನ ಇದ್ದರೆ ತಾನೇ ಎರಡನೇ ಸಲ ಬಡಿಸುವುದು? ಪಲ್ಯ, ಮೀನು, ಬೇಳೆ ಮೊದಲು ಬಟ್ಟಲಿಗೆ, ಅನ್ನ ಆಮೇಲೆ. ಯಜಮಾನರು ಮೊದಲ ವಾರ ಮುಖ ಊದಿಸಿದರು. ಈಗ ಅಭ್ಯಾಸ ಆಗಿದೆ.

ಇನ್ನೊಂದು. ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ ಎಂದು ಒಮ್ಮೆ ನೋಡಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4. ಎಲ್ಲರೂ ಅನ್ನಕ್ಕೆ ಬೈಯುತ್ತಾರೆ, ಎಣ್ಣೆ ಕ್ಯಾನ್ ಮೂಲೆಯಲ್ಲಿ ಹಾಯಾಗಿ ಕೂತಿರುತ್ತದೆ.

ಕಾಳಿ ದಂಡೆ
ಅಕ್ಕಾ, ಅನ್ನ ಕಮ್ಮಿ ಮಾಡಿ ಎಂದು ನೀವೂ ಹೇಳಿದಿರಿ, ನಾನೂ ಹೇಳಿದೆ. ಮತ್ತೆ ಜಗಳ ಯಾಕೆ?

ಅಘನಾಶಿನಿ ಅಕ್ಕ
ನೀವು ಬಿಡಿ ಎಂದಿರಿ, ನಾನು ಅಳೆಯಿರಿ ಎಂದೆ. ಬಿಟ್ಟವರು ಆಷಾಢ ಮುಗಿಯುವುದರೊಳಗೆ ವಾಪಸ್ ಹಿಡಿಯುತ್ತಾರೆ. ಎಷ್ಟು ಜನರನ್ನು ನೋಡಿಲ್ಲ!

ಶಿರಸಿ ಮಾಣಿ
ಅಕ್ಕ ಹೇಳಿದ್ದು ಘಟ್ಟದ ಮೇಲೂ ನಿಜ. ಅಪ್ಪನ ಕಾಲದಲ್ಲಿ ಸೊಪ್ಪಿನ ಬೆಟ್ಟದಿಂದ ಸೊಪ್ಪಿನ ಹೊರೆ ತಲೆ ಮೇಲೆ ಬರುತ್ತಿತ್ತು. ಗೊಬ್ಬರ ಬುಟ್ಟಿಯಲ್ಲಿ ತೋಟಕ್ಕೆ ಇಳಿಯುತ್ತಿತ್ತು. ಈಗ ತೋಟದ ತನಕ ಗಾಡಿ ರಸ್ತೆ. ಸ್ಕೂಟರ್ ಇಳಿದು ಹತ್ತು ಹೆಜ್ಜೆ ಹಾಕಿದರೆ ಅಡಿಕೆ ಮರ. ಔಷಧ ಹೊಡೆಯುವುದು, ಅಡಿಕೆ ಗೊನೆ ಕೊಯ್ಯುವುದು ಎಲ್ಲ ನೆಲದಲ್ಲೇ ನಿಂತು, ಉದ್ದ ಕೋಲಿನ ದೋಟಿಯಲ್ಲಿ. ದೋಟಿಗೆ ನಾನು ಬೈಯುವುದಿಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ಆದರೆ ಮೈಗೆ ಇದ್ದ ಕೆಲಸ ಹೋಗಿದ್ದು ಹೌದು.

ಮೇಲಿಂದ ಆಸರಿ ಬೇರೆ. ಯಾರ ಮನೆಗೆ ಹೋದರೂ ಕಷಾಯ, ಚಹಾ, ಜೊತೆಗೆ ಹಲಸಿನ ಚಿಪ್ಸ್, ಅವಲಕ್ಕಿ. ಬೇಡ ಎಂದರೆ ಅವರಿಗೆ ಬೇಸರ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಹಿಡಿದರೆ ದಿನಕ್ಕೆ ನಾಲ್ಕು ಚಹಾಕ್ಕೆ 40 ಗ್ರಾಂ, ಅಂದರೆ 160 ಕ್ಯಾಲೊರಿ. ಚಿಪ್ಸ್ ಲೆಕ್ಕ ನಾನು ಹಾಕಲಿಲ್ಲ, ಹೆದರಿಕೆ ಆಯಿತು.

ಪಿಟಿ ಮಾಸ್ತರ್ (ನಿವೃತ್ತ)
ತಮ್ಮಾ ಕೋಡಿಬಾಗದವನೇ, ಮಳೆ ಎಂದು ನೆಪ ಹೇಳಬೇಡ. ನಾವು ಮಳೆಯಲ್ಲೇ ಮೈದಾನಕ್ಕೆ ಇಳಿಯುತ್ತಿದ್ದೆವು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಮಕ್ಕಳನ್ನು 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಆರಿಸಿ ತರಬೇತಿ ಕೊಟ್ಟರು. ಆ ಮಕ್ಕಳು ಯಾವ ಜಿಮ್ ನೋಡಿದ್ದರು? ಕಾಡಿನ ದಾರಿಯಲ್ಲಿ ನಡೆದು, ಓಡಿ ಬೆಳೆದವರು.

ಬೆಳಿಗ್ಗೆ ಹನ್ನೆರಡು ಸೂರ್ಯ ನಮಸ್ಕಾರ, ಐವತ್ತು ಬಸ್ಕಿ, ಇಪ್ಪತ್ತು ದಂಡ. ಮುಗಿಯಿತು. ಇದಕ್ಕೆ ಇಷ್ಟು ದೊಡ್ಡ ಚರ್ಚೆಯೇ?

ಫಿಸಿಯೋ, ಹೊನ್ನಾವರ
ಮಾಸ್ತರೇ, ಗೌರವದಿಂದಲೇ ಹೇಳುತ್ತೇನೆ. ಹೊಟ್ಟೆ ಬಂದ 44ರ ಮನುಷ್ಯ ಮೊದಲ ದಿನವೇ ಐವತ್ತು ಬಸ್ಕಿ ಹೊಡೆದರೆ ಮೂರನೇ ದಿನ ನನ್ನ ಹತ್ತಿರ ಬರುತ್ತಾನೆ. ನನಗೆ ಲಾಭವೇ, ಆದರೂ ಬೇಡ.

ಕೋಡಿಬಾಗದವರೇ, ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 28.7 ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಅದಕ್ಕಿಂತ ಸೊಂಟದ ಅಳತೆ ಮುಖ್ಯ. ದರ್ಜಿ ಟೇಪ್ ತೆಗೆದುಕೊಂಡು ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆಯಬೇಡಿ, ಎಲ್ಲರೂ ಅದನ್ನೇ ಮಾಡುತ್ತಾರೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

60 ಕೆಜಿಗೆ ಇಳಿಯಬೇಕು ಎಂದು ಹೊರಡಬೇಡಿ. ನಾಲ್ಕು ಕೆಜಿ ಇಳಿದರೂ ಬಿಪಿ, ಸಕ್ಕರೆಯಲ್ಲಿ ವ್ಯತ್ಯಾಸ ಕಾಣಲು ಶುರುವಾಗುತ್ತದೆ. 2002ರಲ್ಲಿ ಅಮೆರಿಕದಿಂದ ಒಂದು ದೊಡ್ಡ ಅಧ್ಯಯನ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ಎರಡೇ. ತೂಕ ಶೇ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಸುಮ್ನೆ ಇದ್ದವರಿಗೆ ಹೋಲಿಸಿದರೆ ಇವರಲ್ಲಿ ಕಾಯಿಲೆ ಬಂದದ್ದು ಶೇ 58ರಷ್ಟು ಕಮ್ಮಿ. ಮಾತ್ರೆ ಕೊಟ್ಟ ಗುಂಪಿಗಿಂತಲೂ ಇವರೇ ಮುಂದೆ.

ಮಳೆಗಾಲಕ್ಕೆ ಮನೆಯೊಳಗೆ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಗೋಡೆಗೆ ಕೈ ಕೊಟ್ಟು ದಂಡ, ಅದು ಸುಲಭ ಆದ ಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ. ಹಿಮ್ಮಡಿ ಎತ್ತಿ ಇಳಿಸುವುದು. ಖಾಲಿ ಎಣ್ಣೆ ಕ್ಯಾನ್‌ಗೆ ನೀರು ತುಂಬಿ ಎರಡೂ ಕೈಯಲ್ಲಿ ಹಿಡಿದು ಜಗಲಿಯ ಉದ್ದಕ್ಕೂ ನಡೆಯುವುದು. ಮೆಟ್ಟಿಲು ಇದ್ದರೆ ಹತ್ತಿ ಇಳಿಯುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಭಾರ ಎತ್ತುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು. ಬರೀ ಊಟ ಕಮ್ಮಿ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕದ ಯಂತ್ರ ಖುಷಿ ಕೊಡುತ್ತದೆ, ಕಾಲು ನಡುಗುತ್ತದೆ.

ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಕೋಡಿಬಾಗದವ
ಬಹಳ ಉಪಕಾರ. ಫೋನಿನಲ್ಲಿ ದಿನಕ್ಕೆ 10,000 ಹೆಜ್ಜೆ ಗುರಿ ಎಂದು ತೋರಿಸುತ್ತದೆ. ಮಳೆಯಲ್ಲಿ 3,000 ದಾಟುವುದಿಲ್ಲ. ಹಾಗಾದರೆ ಪೂರ್ತಿ ದಂಡವಾ?

ಫಿಸಿಯೋ, ಹೊನ್ನಾವರ
ಅದು ವೈದ್ಯರು ಕೊಟ್ಟ ಸಂಖ್ಯೆ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ನೋಡಲು ಚಂದ ಇತ್ತು, ಉಳಿದುಕೊಂಡಿತು. 3,000 ಇದ್ದದ್ದು 5,000 ಆದರೂ ಲಾಭವೇ. ಊಟ ಆದ ಮೇಲೆ ಹತ್ತು ನಿಮಿಷ ಮನೆಯೊಳಗೇ ಓಡಾಡಿ. ಫೋನಿನಲ್ಲಿ ಮಾತಾಡುವಾಗ ಕೂರಬೇಡಿ.

ಪಿಟಿ ಮಾಸ್ತರ್ (ನಿವೃತ್ತ)
ಐವತ್ತು ಜಾಸ್ತಿ ಆದರೆ ಹತ್ತರಿಂದ ಶುರು ಮಾಡಲಿ. ಆದರೆ ಕುರ್ಚಿ ಹಿಡಿದುಕೊಂಡು ವ್ಯಾಯಾಮ ಎಂದರೆ ನನಗೆ ನಗು ಬರುತ್ತದೆ.

ತೋಟದಮನೆ ತಂಗಿ
ಗಂಡಸರೆಲ್ಲ ಟಾಗೋರ್ ಬೀಚು, ಜಿಮ್ಮು ಎಂದು ಮಾತಾಡುತ್ತೀರಿ. ನಮ್ಮ ಕಥೆ ಕೇಳಿ. ಶಿರಸಿಯಿಂದ ಒಳಗೆ ನಮ್ಮ ಊರು. ಎರಡನೇ ಮಗು ಆದ ಮೇಲೆ ತೂಕ ಏರಿದ್ದು ಇಳಿಯಲೇ ಇಲ್ಲ. ದಿನವಿಡೀ ಮನೆಕೆಲಸ ಮಾಡುತ್ತೀಯಲ್ಲ, ಅದೇ ವ್ಯಾಯಾಮ ಎಂದು ಅತ್ತೆ ಹೇಳುತ್ತಾರೆ. ಅದೇ ಆಗಿದ್ದರೆ ನಾನು ಇಷ್ಟೊತ್ತಿಗೆ ಕಡ್ಡಿ ಆಗಬೇಕಿತ್ತು.

ಸಂಜೆ ರಸ್ತೆಗೆ ನಡೆಯಲು ಹೊರಟರೆ ಎದುರು ಬಂದವರೆಲ್ಲ ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ, ಸುಮ್ನೆ ನಡೆಯುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಕಾರು ನಿಲ್ಲಿಸಿ ಹತ್ತು, ಬಿಡುತ್ತೇನೆ ಎನ್ನುತ್ತಾರೆ. ಒಮ್ಮೆ ಪಕ್ಕದ ಮನೆ ದೊಡ್ಡಪ್ಪ ಗಂಡನಿಗೆ ಫೋನ್ ಮಾಡಿ ಮನೆಯಲ್ಲಿ ಏನಾದರೂ ಜಗಳವಾ ಎಂದು ಕೇಳಿದರು! ಮಳೆಗಾಲದಲ್ಲಂತೂ ಉಂಬಳ (ಜಿಗಣೆ). ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಕಾಲ್ಬೆರಳ ಸಂದಿಯಲ್ಲಿ ಮೂರು ನಾಲ್ಕು.

ಊಟದ್ದೂ ಹಾಗೇ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು. ಪಾತ್ರೆಯಲ್ಲಿ ಉಳಿದದ್ದು ಹಾಳಾಗಬಾರದು ಎಂದು ಅದೂ ನನ್ನ ಬಟ್ಟಲಿಗೆ.

ಬಂಗಡೆ ಭಕ್ತ
ಉಂಬಳ ಹತ್ತಿದರೆ ರಕ್ತದ ಜೊತೆ ತೂಕವೂ ಸ್ವಲ್ಪ ಇಳಿಯುತ್ತದಲ್ಲಾ ತಂಗೀ, ಹಾಗೆ ಲೆಕ್ಕ ಹಾಕು.

ತೋಟದಮನೆ ತಂಗಿ
ನೀವು ಬನ್ನಿ ಅಣ್ಣಾ, ನಮ್ಮ ಉಂಬಳಗಳಿಗೆ ಅಂಕೋಲೆಯವರ ರುಚಿ ಗೊತ್ತಿಲ್ಲ.

ಅಘನಾಶಿನಿ ಅಕ್ಕ
ತಂಗೀ, ಉಳಿದದ್ದು ತಿನ್ನುವುದನ್ನು ಮೊದಲು ನಿಲ್ಲಿಸು. ಆಕಳಿಗೆ ಹಾಕು, ಮರುದಿನ ದೋಸೆ ಹಿಟ್ಟಿಗೆ ರುಬ್ಬು. ನಿನ್ನ ಹೊಟ್ಟೆ ಬಚ್ಚಲು ಗುಂಡಿ ಅಲ್ಲ. ಎಲ್ಲರ ಜೊತೆ ಕೂತು ಉಣ್ಣು, ಅವರೇ ಬಡಿಸಿಕೊಳ್ಳಲಿ.

ಫಿಸಿಯೋ, ಹೊನ್ನಾವರ
ತಂಗಿಯವರೇ, ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆರಿಗೆ ಆದ ಮೇಲೆ ಕೆಲವರಿಗೆ ಅದರಲ್ಲಿ ಏರುಪೇರು ಆಗುತ್ತದೆ. ಸುಸ್ತು, ಕೂದಲು ಉದುರುವುದು ಇದ್ದರಂತೂ ತಡ ಮಾಡಬೇಡಿ. ಮನೆಕೆಲಸದಲ್ಲಿ ಮೈ ದಣಿಯುತ್ತದೆ, ಆದರೆ ಏದುಸಿರು ಬರುವಂಥದ್ದು ಕಮ್ಮಿ. ಹಾಗಾಗಿ ದಣಿವೂ ಹೌದು, ವ್ಯಾಯಾಮ ಸಾಲದು ಎನ್ನುವುದೂ ಹೌದು.

ಊಟದಲ್ಲಿ ಪ್ರೋಟೀನ್ ಎಷ್ಟಿದೆ ನೋಡಿಕೊಳ್ಳಿ. ತಂಬುಳಿ, ಅಪ್ಪೆಹುಳಿ, ಅನ್ನ ರುಚಿಯೇ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಮ್ಮಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು ಎಂದು ಐಸಿಎಂಆರ್ ಹೇಳುತ್ತದೆ. 60 ಕೆಜಿಯವರಿಗೆ 50 ಗ್ರಾಂ. ಹುರುಳಿ, ಹೆಸರು, ಕಡಲೆ, ಮೊಸರು ದಿನಾ ಇರಲಿ. ಮೀನು ತಿನ್ನುವವರಿಗೆ ಇದು ಸುಲಭ. 100 ಗ್ರಾಂ ಬಂಗಡೆಯಲ್ಲೇ 19 ಗ್ರಾಂ ಹತ್ತಿರ ಸಿಗುತ್ತದೆ.

ಬಂಗಡೆ ಭಕ್ತ
ಇದನ್ನು ಫ್ರೇಮ್ ಹಾಕಿಸಿ ಆ ಜಿಮ್ ಬಾಗಿಲಿಗೆ ಹೊಡೆಯುತ್ತೇನೆ.

ಕಾಳಿ ದಂಡೆ
ರವೆ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದಕ್ಕೂ ಅದೇ ಲೆಕ್ಕವಾ ಭಕ್ತರೇ? ಅದೂ ಈಗ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ತಾಜಾ ಬಂಗಡೆ ಎಲ್ಲಿದೆ? ತಿನ್ನುವುದು ಒಣಮೀನು. ಅದರಲ್ಲಿ ಉಪ್ಪು ಎಷ್ಟು ಗೊತ್ತಲ್ಲ.

ಬಂಗಡೆ ಭಕ್ತ
ಹೊಳೆ ಮೀನು ಇದೆ, ನಾಡದೋಣಿಯವರದ್ದು ಸ್ವಲ್ಪ ಬರುತ್ತದೆ. ಬೆಂಗಳೂರಲ್ಲಿ ಕೂತು ನಮ್ಮ ಮಾರ್ಕೆಟ್ ಬಗ್ಗೆ ಹೇಳಬೇಡಿ ಮಾರಾಯರೇ. ಒಣಮೀನನ್ನು ನಾವು ನೀರಲ್ಲಿ ನೆನೆಸಿ ತೊಳೆದೇ ಮಾಡುವುದು.

ದೇವಭಾಗ ದಾದಾ
ನನ್ನದೊಂದು ಪ್ರಶ್ನೆ. ಸಂಬಂಧಿಕರೊಬ್ಬರು ತೂಕ ಇಳಿಸುವ ಕ್ಯಾಪ್ಸೂಲ್ ಮಾರುತ್ತಿದ್ದಾರೆ. ಡಬ್ಬಿ ಮೇಲೆ ಗಾರ್ಸಿನಿಯಾ ಎಂದಿದೆ. ನಮ್ಮ ಕಾಡಿನ ಹಣ್ಣೇ, ಏನೂ ತೊಂದರೆ ಇಲ್ಲ ಎನ್ನುತ್ತಾರೆ. ನಿಜವಾ?

ಶಿರಸಿ ಮಾಣಿ
ದಾದಾ, ಅದು ಉಪ್ಪಾಗೆ. ನಮ್ಮ ಬೆಟ್ಟದ್ದೇ. ಹಿಂದೆ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆ ಹುಳಿಗೆ. ಆಮೇಲೆ ಹೊರದೇಶದವರಿಗೆ ತೂಕ ಇಳಿಸಲು ಸಿಪ್ಪೆ ಬೇಕಂತೆ ಎಂದು ವ್ಯಾಪಾರಿಗಳು ಬಂದರು, ದರ ಏರಿತು. ಒಂದು ಕಾಲದಲ್ಲಿ ಹಣ್ಣಾಗುವ ಮೊದಲೇ ಕಾಯಿ ಉದುರಿಸಿ, ಟೊಂಗೆ ಕಡಿದು ಒಯ್ಯುವಷ್ಟು ಪೈಪೋಟಿ. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲು ಇಲ್ಲ. ಒಣಗಿಸಲು ಒಲೆಗೆ ರಾಶಿ ಕಟ್ಟಿಗೆ ಹಾಕಬೇಕು.

ಜಡಿಮಳೆಯಲ್ಲಿ ಬೆಟ್ಟ ಹತ್ತಿ, ಉಂಬಳ ಕಿತ್ತುಕೊಳ್ಳುತ್ತಾ, ಚೀಲ ಹೊತ್ತು ಇಳಿಯುವ ಕೆಲಸ ಅದು. ಉಪ್ಪಾಗೆಯಿಂದ ತೂಕ ಇಳಿಯುವುದು ಕೊಯ್ದವರದ್ದು, ನುಂಗಿದವರದ್ದಲ್ಲ.

ಕಾಳಿ ದಂಡೆ
ಮಾಣಿ ತಮಾಷೆಗೆ ಹೇಳಿದ್ದು ಪರೀಕ್ಷೆಯಲ್ಲೂ ಹಾಗೇ ಬಂದಿದೆ. 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 135 ಜನ, 12 ವಾರ. ಕೆಲವರಿಗೆ ಉಪ್ಪಾಗೆ ಸತ್ವ, ಉಳಿದವರಿಗೆ ಖಾಲಿ ಮಾತ್ರೆ. ಎರಡೂ ಗುಂಪಿಗೆ ಒಂದೇ ಪಥ್ಯ. ಕೊನೆಗೆ ಸತ್ವ ನುಂಗಿದವರು ಸರಾಸರಿ 3.2 ಕೆಜಿ ಇಳಿದರು, ಖಾಲಿ ಮಾತ್ರೆಯವರು 4.1 ಕೆಜಿ. ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ಇಲ್ಲ, ಆದರೆ ಮಾತ್ರೆಯಿಂದ ಉಪಯೋಗ ಇಲ್ಲ ಎನ್ನುವುದು ಸ್ಪಷ್ಟ. ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯರ ದಾಖಲೆಯಲ್ಲಿವೆ. ಸಾರಿಗೆ ಹಾಕುವ ಒಂದು ತುಂಡು ಸಿಪ್ಪೆ ಬೇರೆ, ಸತ್ವ ತೆಗೆದು ತುಂಬಿದ ಕ್ಯಾಪ್ಸೂಲ್ ಬೇರೆ.

ಅಘನಾಶಿನಿ ಅಕ್ಕ
ಕಾಳಿ ದಂಡೆಯವರೇ, ಇದು ಮಾತ್ರ ಬಹಳ ಚೆನ್ನಾಗಿ ಹೇಳಿದಿರಿ.

ದೇವಭಾಗ ದಾದಾ
ಹಾಗಾದರೆ ಮುರುಗಲು (ಕೋಕಂ) ಶರಬತ್ತು? ಅದು ಪಿತ್ತಕ್ಕೂ ಒಳ್ಳೆಯದು, ಹೊಟ್ಟೆಯೂ ಕರಗುತ್ತದೆ ಎನ್ನುತ್ತಾರೆ.

ಅಘನಾಶಿನಿ ಅಕ್ಕ
ಬಾಟಲಿಯಲ್ಲಿ ಬರುವ ಪಾಕದಲ್ಲಿ ಮುರುಗಲಿಗಿಂತ ಸಕ್ಕರೆ ಜಾಸ್ತಿ. ಒಣ ಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿಯಿರಿ. ರುಚಿಗೆ ಒಳ್ಳೆಯದು. ಹೊಟ್ಟೆ ಕರಗಿಸುವ ಕೆಲಸ ಅದಕ್ಕೆ ಹಚ್ಚಬೇಡಿ.

ಹಳೇ ಚಾಲಿ
ನನ್ನ ಅನುಭವ. ಊಟ ಆದ ಕೂಡಲೇ ಒಂದು ಕವಳ (ಎಲೆ ಅಡಿಕೆ) ಹಾಕಿದರೆ ಮತ್ತೆ ಏನೂ ತಿನ್ನಬೇಕು ಅನಿಸುವುದಿಲ್ಲ. ಖರ್ಚು ಕಮ್ಮಿ, ಹೊಟ್ಟೆಯೂ ಹದ್ದುಬಸ್ತಿನಲ್ಲಿ.

ಫಿಸಿಯೋ, ಹೊನ್ನಾವರ
ಹಿರಿಯರೇ, ದಯವಿಟ್ಟು ಇದನ್ನು ತೂಕ ಇಳಿಸುವ ಉಪಾಯ ಎಂದು ಹೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಸೇರಿದರೆ ಇನ್ನೂ ಕೆಟ್ಟದು.

ಶಿರಸಿ ಮಾಣಿ
ಬಂತು! ಯಾವ ವಿಷಯ ತೆಗೆದರೂ ಕೊನೆಗೆ ಅಡಿಕೆ ಮೇಲೆ ಬಂದು ನಿಲ್ಲುತ್ತದೆ. ತಂಬಾಕು, ಗುಟ್ಕಾ ತಿಂದವರ ಲೆಕ್ಕವನ್ನೂ ಅಡಿಕೆ ತಲೆಗೇ ಕಟ್ಟುತ್ತೀರಿ. ನಮ್ಮ ಹೊಟ್ಟೆಪಾಡು ಅದು. ಹಿಂದಿನವರು ಕವಳ ಹಾಕಿಯೇ ತೊಂಬತ್ತು ದಾಟಿದ್ದಾರೆ.

ಫಿಸಿಯೋ, ಹೊನ್ನಾವರ
ಅಡಿಕೆಯನ್ನು ಬೇರೆಯಾಗಿ ನೋಡಿಯೇ ಹಾಗೆ ಹೇಳಿದ್ದಾರೆ ಮಾಣಿಯವರೇ. ಬೆಳೆಗಾರರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯದ್ದೂ ತೋಟವೇ.

ಹಳೇ ಚಾಲಿ
ತೋಟ ಇಟ್ಟುಕೊಂಡು ಹೀಗೆ ಮಾತಾಡುತ್ತಾರೆ ನೋಡಿ.

ನಿರ್ವಾಹಕ
ಅಡಿಕೆಗೆ ಬೇರೆ ಚರ್ಚೆ ಈಗಾಗಲೇ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವ್ಯಾಯಾಮ, ಊಟ ಮಾತ್ರ.

ಬಂಗಡೆ ಭಕ್ತ
ಊಟ ಎಂದಿರಿ, ಕುಡಿತ ಸೇರುತ್ತದಾ? ಶನಿವಾರ ಸಂಜೆ ಗೋವಾ ಗಡಿಯ ಪೊಳೆಂ ದಾಟಿ ಹೋಗುವ ನಮ್ಮ ಸ್ನೇಹಿತರ ಬಗ್ಗೆ ಯಾರೂ ಮಾತಾಡಲಿಲ್ಲ.

ದೇವಭಾಗ ದಾದಾ
ನನ್ನ ಹೆಸರು ನೇರ ಹೇಳಬಹುದಿತ್ತು.

ಕಾಳಿ ದಂಡೆ
ಒಂದು ಗ್ರಾಂ ಮದ್ಯಕ್ಕೆ 7 ಕ್ಯಾಲೊರಿ ದಾದಾ. ಅನ್ನದ ಪಿಷ್ಟಕ್ಕಿಂತ ಜಾಸ್ತಿ. ಜೊತೆಗೆ ಕರಿದ ಶೆಟ್ಲಿ (ಸಿಗಡಿ), ಶೇಂಗಾ ಬೇರೆ. ವಾರವಿಡೀ ನಡೆದದ್ದನ್ನು ಒಂದೇ ಸಂಜೆ ವಾಪಸ್ ತುಂಬಿಸಿಕೊಂಡು ಬರುತ್ತೀರಿ. 70 ಕೆಜಿಯ ಮನುಷ್ಯ ಒಂದು ಕಿಲೋಮೀಟರ್ ನಡೆದರೆ ಕರಗುವುದು ಸುಮಾರು 50 ಕ್ಯಾಲೊರಿ ಅಷ್ಟೇ. ಬರೀ ನಡಿಗೆಯಿಂದ ತೂಕ ಇಳಿಯದೆ ಜನ ಬೇಸರ ಮಾಡಿಕೊಳ್ಳುವುದು ಇದಕ್ಕೇ.

ದೇವಭಾಗ ದಾದಾ
ಪೊಳೆಂಗೆ ನಡೆದೇ ಹೋದರೆ?

ಸಿದ್ದಾಪುರ ಭಾವ
ನಮ್ಮ ಕಡೆಯ ದೊಡ್ಡ ತೊಂದರೆ ಯಾರೂ ಹೇಳಲಿಲ್ಲ. ಪಂಕ್ತಿ ಊಟ. ಮದುವೆ, ಉಪನಯನ, ತಿಥಿ, ಸತ್ಯನಾರಾಯಣ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯಲ್ಲಿ ಒಲೆ ಹೊತ್ತಿಸಿದ ದಿನವೇ ಕಮ್ಮಿ. ನಾನು ಪಥ್ಯ ಹಿಡಿದಿದ್ದೆ. ಬಾಳೆ ಎಲೆ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವ ಮಾಣಿ ಕೈ ಸಂದಿಯಿಂದಲೇ ಹೋಳಿಗೆ ತೂರಿಸಿದ. ಇನ್ನೊಬ್ಬ ಹಿಂದೆಯೇ ತುಪ್ಪ ಹೊಯ್ದ. ಸಕ್ಕರೆ ಇದೆಯಪ್ಪಾ ಎಂದೆ. ಇದು ಬೆಲ್ಲದ್ದು ಭಾವಾ, ಏನಾಗುವುದಿಲ್ಲ ಎಂದ!

ಒಂದು ಉಪಾಯ ಕಂಡುಕೊಂಡಿದ್ದೇನೆ. ನಾನೇ ಬಡಿಸಲು ನಿಲ್ಲುತ್ತೇನೆ. ಮೂರು ಪಂಕ್ತಿಗೆ ಸಾರು, ಅನ್ನ ಹಿಡಿದು ಬಗ್ಗಿ ಎದ್ದು ಓಡಾಡಿದರೆ ಒಳ್ಳೆಯ ಬೆವರು. ಕೊನೆಯ ಪಂಕ್ತಿಯಲ್ಲಿ ಕೂತರೆ ಒತ್ತಾಯ ಮಾಡುವವರೂ ಇರುವುದಿಲ್ಲ. ಅವರಿಗೂ ಸುಸ್ತು.

ತೋಟದಮನೆ ತಂಗಿ
ಭಾವಾ, ನಮ್ಮ ಮನೆಯಲ್ಲೂ ಒಂದು ತಿಂಗಳು ಬಡಿಸಲು ಬನ್ನಿ.

ಶಿರಸಿ ಮಾಣಿ
ಒಪ್ಪತ್ತು ಮಾಡುವವರೂ ಇದ್ದಾರೆ. ಏಕಾದಶಿ ದಿನ ಅನ್ನ ಇಲ್ಲ. ಅದಕ್ಕೆ ಎರಡು ಬಟ್ಟಲು ಅವಲಕ್ಕಿ, ಮೇಲೆ ಮೊಸರು, ಬಾಳೆಹಣ್ಣು, ಸಂಜೆ ಸಾಬುದಾನಿ. ಮರುದಿನ ತೂಕ ನೋಡಿ ದೇವರಿಗೆ ಬೈಯುತ್ತಾರೆ.

ಕಡಲ ಕಾಗೆ
ಈಗಷ್ಟೇ ಎಲ್ಲ ಓದಿದೆ. ಮಳೆ ಬಿಟ್ಟ ಮೇಲೆ ಬೀಚಿಗೆ ಬರುವವರಿಗೆ ಒಂದು ಮಾತು. ಅಲೆ ಬಂದು ಹೋದ ಗಟ್ಟಿ ಮರಳಲ್ಲಿ ನಡೆಯುವುದು ಒಂದು, ಮೇಲಿನ ಒಣ ಮೆತ್ತನೆ ಮರಳಲ್ಲಿ ನಡೆಯುವುದು ಇನ್ನೊಂದು. ಮೆತ್ತನೆ ಮರಳಲ್ಲಿ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಖರ್ಚಾಗುತ್ತದೆ. ಅದಕ್ಕೇ ಅಲ್ಲಿ ಅರ್ಧ ದೂರ ಸಾಕು. ಮೊಣಕಾಲು, ಹಿಮ್ಮಡಿ ನೋವು ಇದ್ದವರು ಮೆತ್ತನೆ ಮರಳಿಗೆ ಒಮ್ಮೆಗೇ ಇಳಿಯಬೇಡಿ. ತೀರ ಇಳಿಜಾರು ಇರುವುದರಿಂದ ಹೋದ ದಾರಿಯಲ್ಲೇ ವಾಪಸ್ ಬನ್ನಿ. ಇಲ್ಲದಿದ್ದರೆ ಒಂದೇ ಕಾಲಿಗೆ ಭಾರ.

ಟಾಗೋರ್ ಬೀಚು ಎಂದು ಎಲ್ಲರೂ ಹೇಳುತ್ತೀರಿ, ಆ ಕವಿ ರವೀಂದ್ರನಾಥರು ಇಲ್ಲಿ ನಡೆದವರೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ 22ರ ಪ್ರಾಯದಲ್ಲಿ ಬಂದಿದ್ದರು. ದೋಣಿಯಲ್ಲಿ ಕಾಳಿ ನದಿ ಮೇಲಕ್ಕೆ ಹೋಗಿ, ವಾಪಸ್ ಬರುವಾಗ ಅಳಿವೆಯಲ್ಲಿ ಇಳಿದು ಬೆಳದಿಂಗಳಲ್ಲಿ ಮರಳ ಮೇಲೆ ಮನೆಗೆ ನಡೆದು ಬಂದರಂತೆ.

ಪಿಟಿ ಮಾಸ್ತರ್ (ನಿವೃತ್ತ)
ನೋಡಿ! ಅವರಿಗೆ ಯಾವ ಫೋನು ಹೆಜ್ಜೆ ಎಣಿಸಿತ್ತು?

ಕೋಡಿಬಾಗದವ
ಅಕ್ಕಿ ಅಳೆಯುವುದು ನಿನ್ನೆಯಿಂದಲೇ ಶುರುವಾಗಿದೆ. ಹೆಂಡತಿಗೆ ಈ ಚರ್ಚೆ ತೋರಿಸಿದ್ದೇ ತಡ, ಲೋಟ ತಂದು ಇಟ್ಟಳು. ಎಣ್ಣೆ ಕ್ಯಾನ್ ನನ್ನ ಕೈಯಲ್ಲಿ ಡಂಬೆಲ್ ಆಗಿದೆ. ಸೊಂಟ 98 ಬಂತು, ಹೊಟ್ಟೆ ಎಳೆದುಕೊಳ್ಳದೆ.

ಕಾರವಾರದವರು ನಾಲ್ಕು ಜನ ಸಿಕ್ಕಿದರೆ ಮಳೆ ಮುಗಿಯುವವರೆಗೆ ಸಂಜೆ ಶಟಲ್ ಆಡಬಹುದು. ಒಳಾಂಗಣ ಕೋರ್ಟ್ ಒಂದು ಕಂಡಿದ್ದೇನೆ. ಬಾಡಿಗೆ ಹಂಚಿಕೊಂಡರೆ ಹೆಚ್ಚೇನೂ ಆಗುವುದಿಲ್ಲ. ಯಾರು ಬರುತ್ತೀರಿ?

ದೇವಭಾಗ ದಾದಾ
ನಾನು ತಯಾರು. ಶನಿವಾರ ಬಿಟ್ಟು.

ಫಿಸಿಯೋ, ಹೊನ್ನಾವರ
ಮೊದಲ ವಾರ ಡಬಲ್ಸ್ ಮಾತ್ರ ಆಡಿ. ಕಾಲು, ಭುಜ ಸ್ವಲ್ಪ ಬಿಸಿ ಮಾಡಿಕೊಂಡೇ ಕೋರ್ಟಿಗೆ ಇಳಿಯಿರಿ. ನಲವತ್ತು ದಾಟಿದವರು ಹಿಮ್ಮಡಿ ನರ ಹರಿದುಕೊಂಡು ಬರುವುದು ಹೆಚ್ಚಾಗಿ ಶಟಲ್ ಕೋರ್ಟಿನಿಂದಲೇ.

ಬಂಗಡೆ ಭಕ್ತ
ಅಂಕೋಲೆಯಿಂದ ಬರಲು ನಾನೂ ರೆಡಿ. ಆಟ ಮುಗಿದ ಮೇಲೆ ಹತ್ತಿರ ಬನ್ಸ್ ಭಾಜಿ ಸಿಗುವ ಹೋಟೆಲ್ ಇದೆಯಾ?

ಕಾಳಿ ದಂಡೆ
ಮೈದಾ, ಸಕ್ಕರೆ, ಬಾಳೆಹಣ್ಣು, ಕೊನೆಗೆ ಎಣ್ಣೆಯಲ್ಲಿ ಮುಳುಗು. ನೀವು ಆಡುವುದೇ ಬೇಡ, ಮನೆಯಲ್ಲೇ ಇರಿ.

ಬಂಗಡೆ ಭಕ್ತ
ಒಂದೇ ಒಂದು ಮಾರಾಯರೇ.

ಅಘನಾಶಿನಿ ಅಕ್ಕ
ಬನ್ಸ್ ತಿನ್ನಬೇಕಾದರೆ ಕುಮಟೆಗೆ ಬರಬೇಕು. ಕಾರವಾರದ್ದು ಬನ್ಸೇ ಅಲ್ಲ.

ದೇವಭಾಗ ದಾದಾ
ಅಕ್ಕಾ, ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನು ಬರುತ್ತೇನೆ. ಇದನ್ನು ಹಾಗೇ ಬಿಡುವುದಿಲ್ಲ.